ಏಕನಾಥನ ಮೈಯೊಳಗಿನ ಕರೆಂಟು

ಘಾಟಬೋರಾಳದ ಏಕನಾಥನಿಗೆ ಈಗ ಅರವತ್ತೆರಡು. ಈ ಅರವತ್ತೆರಡು ವರ್ಷಗಳಲ್ಲಿ ಅವನು ಯಾರ ಮಾತನ್ನೂ ಪೂರ್ತಿ ಕೇಳಿದವನಲ್ಲ. ಅರ್ಧ ಕೇಳುವಷ್ಟರಲ್ಲಿ ಅವನಿಗೆ ಎಲ್ಲವೂ ತಿಳಿದುಬಿಡುತ್ತಿತ್ತು. ಉಳಿದರ್ಧವನ್ನು ತಾನೇ ಜೋಡಿಸಿಕೊಂಡು ಊರಿಗೆಲ್ಲ ಹೇಳಿ ಬರುತ್ತಿದ್ದ. ಹೆಂಡತಿ ಮೀರಾಬಾಯಿ ಇದನ್ನು ನಲವತ್ತು ವರ್ಷ ಸಹಿಸಿಕೊಂಡು ಬಂದಿದ್ದಳು. ಕೆಟ್ಟ ಮನುಷ್ಯನೇನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವಾಗ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಹೋದ ಡಿಸೆಂಬರ್ ಕೊನೆಗೆ ತೊಗರಿ ಚೀಲ ಹೇರಿಕೊಂಡು ಹುಮನಾಬಾದಿನ ಗಂಜ್ ಮಾರುಕಟ್ಟೆಗೆ ಹೋದವನು, ಅಲ್ಲಿ ಬಿಸಿಬಿಸಿ ಮಿರ್ಚಿ ಭಜಿ ತಿನ್ನಲು ಕೂತ. ಆರನೆಯ ಭಜಿಯ ಹೊತ್ತಿಗೆ ಎದೆ ಹಿಡಿದುಕೊಂಡಿತು. ಜೊತೆಗಿದ್ದವರು ಗಾಬರಿಯಾಗಿ ಪಕ್ಕದ ದವಾಖಾನೆಗೆ ಎತ್ತಿ ಹಾಕಿದರು. ಅಲ್ಲಿ ಇಸಿಜಿ ತೆಗೆಯುವ ಹುಡುಗಿ ಸಿಮ್ರಾನ್ ಅವನ ಅಂಗಿ ಬಿಚ್ಚಿಸಿ, ಎದೆಗೆ, ಕೈಗೆ, ಕಾಲಿಗೆ ವೈರು ಹಚ್ಚತೊಡಗಿದಳು.

"ಬೇಟಿ, ಕರೆಂಟ್ ಕೊಡಾಕತ್ತೀಯೇನು?" ಎಂದು ಏಕನಾಥ ಹೆದರಿ ಕೇಳಿದ.

"ಕೊಡಾಕತ್ತಿಲ್ರಿ ಕಾಕಾ, ತಗೊಳ್ಳಾಕತ್ತೇನಿ. ಕರೆಂಟ್ ನಿಮ್ಮ ಎದಿಯಾಗಿಂದೇ ಬರ್ತದ. ಅದು ಬಂದಾಗೊಮ್ಮೆ ಎದಿ ಬಡೀತದ. ಈ ಮಷಿನ್ ಬರೇ ಬರಕೊಳ್ತದ."

"ನನ್ನ ಎದಿಯಾಗಿಂದ?"

"ಹೌದ್ರಿ, ನಿಮ್ಮ ಎದಿಯಾಗಿಂದ."

ಇದಾದ ಮೇಲೆ ಸಿಮ್ರಾನ್ ಇನ್ನೊಂದು ಮಾತು ಹೇಳಿದಳು. ಈ ಕಥೆಯ ಪಾಲಿಗೆ ಬಹಳ ಮುಖ್ಯವಾದ ಮಾತು ಅದು. ಆದರೆ ಆ ಹೊತ್ತಿಗೆ ಏಕನಾಥ ಮಂಚದ ಕೆಳಗೆ ತಲೆ ಹಾಕಿ ಚಪ್ಪಲಿ ಹುಡುಕುತ್ತಿದ್ದ. ಡಾಕ್ಟರು ಕಾಗದ ನೋಡಿ, "ಗ್ಯಾಸ್ ಅಷ್ಟೇ. ಎದಿ ಕರೆಂಟ್ ಛಲೋ ಅದ, ಎಲ್ಲೂ ಕಟ್ ಆಗಿಲ್ಲ. ಭಜಿ ಬಿಡ್ರಿ" ಎಂದರು. ಭಜಿ ಬಿಡುವ ಮಾತೂ ಅವನಿಗೆ ಕೇಳಿಸಲಿಲ್ಲ.

ಮರುದಿನ ಬೆಳಿಗ್ಗೆ ಪೀರ್ ಪಾಷಾನ ಚಹಾದ ಅಂಗಡಿಯಲ್ಲಿ ಆ ಕಾಗದ ಪ್ಲಾಸ್ಟಿಕ್ ಚೀಲದಿಂದ ಹೊರಬಂತು. ನಾಲ್ಕು ಜನ ಅದನ್ನು ಅತ್ತಿತ್ತ ತಿರುಗಿಸಿ ನೋಡಿದರು. ಏರುತ್ತ ಇಳಿಯುತ್ತ ಹೋದ ಆ ಗೆರೆಗಳನ್ನು ತೋರಿಸಿ ಏಕನಾಥ, "ಇದೆಲ್ಲ ನನ್ನ ಮೈಯಾಗಿನ ಕರೆಂಟ್. ಡಾಕ್ಟರೇ ಹೇಳ್ಯಾನ, ಭಾರಿ ಛಲೋ ಅದ ಅಂತ" ಎಂದ. ಯಾರೂ ನಂಬಲಿಲ್ಲ. ಆಗ ಅವನು ಜೇಬಿನಿಂದ ಟೆಸ್ಟರ್ ತೆಗೆದ. ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಲು ಇಟ್ಟುಕೊಂಡಿದ್ದ, ಹಿಡಿಕೆಯೊಳಗೆ ಸಣ್ಣ ದೀಪವಿರುವ ಸ್ಕ್ರೂಡ್ರೈವರ್ ಅದು. ಅಂಗಡಿಯ ಪ್ಲಗ್ಗಿನಲ್ಲಿ ಅದನ್ನು ತುರುಕಿ ಕೈ ಬಿಟ್ಟ. ದೀಪ ಹತ್ತಲಿಲ್ಲ. ಹಿಡಿಕೆಯ ತುದಿಗೆ ಬೆರಳಿಟ್ಟ. ದೀಪ ಕೆಂಪಗೆ ಹತ್ತಿತು.

"ನೋಡ್ರಿ. ನಾ ಮುಟ್ಟಿದ್ರ ಹತ್ತತದ, ಬಿಟ್ರ ಆರತದ. ಹಂಗಾರ ಕರೆಂಟ್ ಯಾರದು?"

ಇಷ್ಟು ವರ್ಷ ಎಲ್ಲರ ಮನೆಯಲ್ಲೂ ಟೆಸ್ಟರ್ ಇತ್ತು, ಯಾರೂ ಈ ದಾರಿಯಲ್ಲಿ ಯೋಚನೆ ಮಾಡಿರಲಿಲ್ಲ. ಪೀರ್ ಪಾಷಾ ಮಾತ್ರ ಚಹಾ ಸೋಸುವುದು ಬಿಟ್ಟು ಬಂದು ತಾನೂ ಬೆರಳಿಟ್ಟ. ದೀಪ ಅವನಿಗೂ ಹತ್ತಿತು.

"ನನ್ನ ಮೈಯಾಗೂ ಅದಲ್ಲೋ ಏಕನಾಥ ಭಾಯ್?"

"ಈಗ ಕಪ್ ಕೊಡುವಾಗ ನನ್ನ ಕೈ ಮುಟ್ಟಿದ್ದಿಲ್ಲೇನು? ನನ್ನದೇ ಇಳದದ" ಎಂದು ಏಕನಾಥ ಸ್ವಲ್ಪವೂ ತಡವರಿಸದೆ ಹೇಳಿದ. ಪೀರ್ ಪಾಷಾ ತನ್ನ ಕೈಯನ್ನು ಅಂಗಿಗೆ ಒರೆಸಿಕೊಂಡ. ಅಷ್ಟಕ್ಕೇ ಬಿಡದೆ, ಸಂಜೆಯೊಳಗೆ ಅವನು ಮೊಬೈಲಿನಲ್ಲಿ ಒಂದು ಮೀನನ್ನು ಹುಡುಕಿಟ್ಟಿದ್ದ. ಹಾವಿನಂತೆ ಉದ್ದ, ದೂರ ದೇಶದ ಹೊಳೆಯಲ್ಲಿರುವಂಥದ್ದು.

"ಇದೂ ನಿನ್ನ ಜಾತಿದೇ ನೋಡು. ಮೈಯಾಗ ತಾನೇ ಕರೆಂಟ್ ಮಾಡ್ತದಂತ. ಬ್ಯಾಟಿ ಆಡಾಕ ಅದೇ, ದಾರಿ ಹುಡುಕಾಕ ಅದೇ. ಆರು ನೂರು ವೋಲ್ಟ್. ಬಾಯಿ ಹಾಕಿದ ಮೊಸಳಿ ಸೈತ ಸೆಟದು ಬೀಳ್ತದ."

ಏಕನಾಥ ಆ ವಿಡಿಯೊವನ್ನು ಮೂರು ಸಲ ನೋಡಿದ. ಮೊಸಳೆ ಮೂರು ಸಲವೂ ಸೆಟೆದು ಬಿತ್ತು. ಮೊದಲ ಸಲ ಅವನಿಗೆ ಹೆಮ್ಮೆಯಾಯಿತು. ಮೂರನೆಯ ಸಲ ಹೆದರಿಕೆಯಾಯಿತು.

ಅಷ್ಟಾದರೂ ಅದು ಅಲ್ಲಿಗೇ ತಣ್ಣಗಾಗುತ್ತಿತ್ತೇನೋ. ಆದರೆ ಜನವರಿಯ ಒಣ ಚಳಿ ಬಿತ್ತು. ಮೀರಾಬಾಯಿ ಬಸವಕಲ್ಯಾಣದ ಸಂತೆಯಿಂದ ಒಂದು ನೈಲಾನ್ ರಗ್ಗು ತಂದಳು. ಅದರೊಳಗೆ ಹೊರಳಾಡಿ ಎದ್ದ ಗಂಡನಿಗೆ ಬೆಳಗಿನ ಚಹಾ ಕೊಡಲು ಹೋದರೆ, ಸ್ಟೀಲ್ ಲೋಟದ ಮೇಲೆ ಇಬ್ಬರ ಬೆರಳು ಸೇರುವ ಜಾಗದಲ್ಲಿ ಚಟ್ ಎಂದು ಒಂದು ಕಿಡಿ ಹಾರಿತು. ಮೀರಾಬಾಯಿ ಲೋಟ ಬಿಟ್ಟುಬಿಟ್ಟಳು. ಚಹಾ ರಗ್ಗಿನ ಪಾಲಾಯಿತು.

"ನೀವು ಹೇಳಿದ್ದು ಖರೇ ಅದರಿ" ಎಂದಳು.

ನಲವತ್ತು ವರ್ಷದ ಸಂಸಾರದಲ್ಲಿ ಹೆಂಡತಿ ಈ ಮಾತು ಹೇಳಿದ್ದು ಅದೇ ಮೊದಲು. ಏಕನಾಥ ಕೆಟ್ಟದ್ದು ನಿಜವಾಗಿ ಅಲ್ಲಿಯೇ.

ಅಂದಿನಿಂದ ಅವನು ಊರಿನ ಹಿತಕ್ಕಾಗಿ ಯಾರನ್ನೂ ಮುಟ್ಟುವುದಿಲ್ಲ ಎಂದು ನಿರ್ಧರಿಸಿದ. ರಬ್ಬರ್ ಚಪ್ಪಲಿ ಮನೆಯೊಳಗೂ ಕಾಲಿನಿಂದ ಇಳಿಯಲಿಲ್ಲ. ಎಮ್ಮೆ ಹಿಂಡುವ ಕೆಲಸ ಮೀರಾಬಾಯಿಗೆ ಬಿತ್ತು. ಯಾರಾದರೂ ಎದುರು ಬಂದರೆ ದೂರದಿಂದಲೇ ಕೈ ಮುಗಿದು ಬೇಲಿಯ ಕಡೆ ಸರಿಯುತ್ತಿದ್ದ. ಪಕ್ಕದ ಮನೆಯ ಸೂಗಮ್ಮ ಕೆಟ್ಟುಹೋದ ಟಾರ್ಚ್ ಬ್ಯಾಟರಿ ತಂದು, "ಜರಾ ಮುಷ್ಟಿಯಾಗ ಹಿಡಕೊಂಡು ಕೂಡ್ರಿ, ತುಂಬತದೇನೋ ನೋಡೂಣು" ಎಂದಳು. ಅವನು ಪಾಪ ಒಂದು ತಾಸು ಹಿಡಿದುಕೊಂಡು ಕೂತ. ಬ್ಯಾಟರಿ ಹತ್ತಲಿಲ್ಲ. "ಸೆಲ್ ಹಳೇವು" ಎಂದು ಇಬ್ಬರೂ ಒಪ್ಪಿಕೊಂಡರು.

ಈಗ ಮಚ್ಚೇಂದ್ರನ ವಿಷಯ ಹೇಳಬೇಕು. ಇಲ್ಲಿಂದ ಮುಂದೆ ನಗು ಬಂದರೂ ಸ್ವಲ್ಪ ತಡೆದುಕೊಳ್ಳಿ.

ಏಕನಾಥನ ಮನೆಯ ಮುಂದೆ ಬೇವಿನ ಮರ, ಮರದ ಕೆಳಗೆ ಒಂದು ಚಪ್ಪಟೆ ಕಲ್ಲು. ಅವನ ಅಪ್ಪನ ಕಾಲದಲ್ಲಿ, ಹೊಲಕ್ಕೆ ದುಡಿಯಲು ಬರುತ್ತಿದ್ದ ಮಚ್ಚೇಂದ್ರನ ಅಪ್ಪನಿಗೆ ರೊಟ್ಟಿಯಾಗಲಿ ತಂಬಾಕಾಗಲಿ ಕೈಗೆ ಕೊಡುತ್ತಿರಲಿಲ್ಲ. ಆ ಕಲ್ಲಿನ ಮೇಲೆ ಇಟ್ಟು ದೂರ ಸರಿಯುತ್ತಿದ್ದರು. ಅವನು ಬಗ್ಗಿ ಎತ್ತಿಕೊಳ್ಳುತ್ತಿದ್ದ. ಇದನ್ನು ನೋಡುತ್ತ ಬೆಳೆದ ಇಬ್ಬರು ಮಕ್ಕಳಲ್ಲಿ ಒಬ್ಬ ಏಕನಾಥ, ಇನ್ನೊಬ್ಬ ಮಚ್ಚೇಂದ್ರ. ಇಪ್ಪತ್ತರ ವಯಸ್ಸಿನಲ್ಲಿ ಏಕನಾಥ ಒಂದು ಸಂಜೆ ಅಪ್ಪನ ಕಣ್ಣೆದುರಿಗೇ ಅದೇ ಕಲ್ಲಿನ ಮೇಲೆ ಕೂತು, ಅಂಗೈಯಲ್ಲಿ ತಂಬಾಕು ತಿಕ್ಕಿ, ಮಚ್ಚೇಂದ್ರನ ಮುಂದೆ ಅಂಗೈ ಚಾಚಿದ. ಮಚ್ಚೇಂದ್ರ ಅದರೊಳಗಿಂದ ಅರ್ಧ ಎತ್ತಿಕೊಂಡ. ಮನೆಯಲ್ಲಿ ಎಂಟು ದಿನ ಯಾರೂ ಏಕನಾಥನೊಡನೆ ಮಾತಾಡಲಿಲ್ಲ. ಅವನು ತನ್ನ ಜೀವಮಾನದಲ್ಲಿ ಮಾಡಿದ ಒಂದೇ ಒಂದು ದೊಡ್ಡ ಕೆಲಸ ಅದು. ಅದು ದೊಡ್ಡದೆಂದು ಅವನಿಗೆ ಗೊತ್ತೂ ಇರಲಿಲ್ಲ.

ಅಂದಿನಿಂದ ದಿನಾ ಸಂಜೆ ಹಾಗೆಯೇ. ತಂಬಾಕು ಏಕನಾಥನದು, ಸುಣ್ಣದ ಡಬ್ಬಿ ಮಚ್ಚೇಂದ್ರನದು. ಒಬ್ಬನ ಬಳಿ ಇದ್ದರೆ ಇನ್ನೊಬ್ಬನ ಬಳಿ ಇಲ್ಲ.

ಹೋದ ವರ್ಷ ಮಚ್ಚೇಂದ್ರನ ಎದೆಬಡಿತ ತೀರ ನಿಧಾನವಾಗಿ, ಕಲಬುರಗಿಯಲ್ಲಿ ಎದೆಯ ಎಡಗಡೆ ಚರ್ಮದ ಕೆಳಗೆ ಒಂದು ಸಣ್ಣ ಪೆಟ್ಟಿಗೆ ಇಟ್ಟರು. ಎದೆ ಮರೆತಾಗ ಕರೆಂಟು ಕೊಟ್ಟು ನೆನಪು ಮಾಡುವ ಸೆಲ್ಲಿನ ಪೆಟ್ಟಿಗೆ. ಆ ವಾರವೆಲ್ಲ ಏಕನಾಥ ಅಲ್ಲಿಯೇ ವರಾಂಡದಲ್ಲಿ ಮಲಗಿದ್ದ. "ವೆಲ್ಡಿಂಗ್ ಮಾಡೋ ಕಡೆ ಹೋಗಬೇಡಿ, ಮೊಬೈಲ್ ಎಡಗಿಸೆಯಲ್ಲಿ ಇಡಬೇಡಿ, ಕರೆಂಟ್ ಅಂದರೆ ಹುಷಾರು" ಎಂದು ಡಾಕ್ಟರು ಹೇಳಿದ್ದನ್ನು, ಜೀವನದಲ್ಲಿ ಮೊದಲ ಸಲ, ಅವನು ಪೂರ್ತಿ ಕೇಳಿಸಿಕೊಂಡಿದ್ದ. ಕೇಳಬಾರದ ಒಂದೇ ಮಾತನ್ನು ಪೂರ್ತಿ ಕೇಳಿದ್ದ ಅನ್ನಿ.

ಕಿಡಿ ಹಾರಿದ ದಿನ ಮೀರಾಬಾಯಿ ಹೇಳಿದಳು, "ಮಚ್ಚೇಂದ್ರಣ್ಣಗ ಮುಟ್ಟೀರಿ ಜ್ವಾಕಿ. ಎದಿಯಾಗ ಸೆಲ್ ಅದ. ಮತ್ತ ಈ ವಿಷಯ ಅವರಿಗಿ ಹೇಳಬ್ಯಾಡ್ರಿ, ಅಂಜಿ ಜೀವಾ ಬಿಟ್ಟಾರು."

ಆ ಸಂಜೆ ಮಚ್ಚೇಂದ್ರ ಎಂದಿನಂತೆ ಬಂದ; ಕರೆಂಟಿನ ಸುದ್ದಿ ಅವನ ಓಣಿಗೆ ಇನ್ನೂ ಮುಟ್ಟಿರಲಿಲ್ಲ. ಸುಣ್ಣದ ಡಬ್ಬಿ ತೆಗೆದು ಚಾಚಿದ. ಏಕನಾಥ ಅದನ್ನು ಕೈಗೆ ತೆಗೆದುಕೊಳ್ಳದೆ, "ಅಲ್ಲೇ ಇಡು" ಎಂದ. ಮಚ್ಚೇಂದ್ರ ಇಟ್ಟ. ಏಕನಾಥ ತಂಬಾಕು ತಿಕ್ಕಿ, ಎರಡು ಪಾಲು ಮಾಡಿ, ಒಂದು ಪಾಲನ್ನು ಒಂದು ಎಲೆಯ ಮೇಲೆ ಹಾಕಿ, ಎಲೆಯನ್ನು ಕಲ್ಲಿನ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಗೆಳೆಯನ ಜೀವ ಉಳಿಸಿದ ಸಮಾಧಾನ ಅವನ ಮುಖದ ಮೇಲಿತ್ತು.

ಮಚ್ಚೇಂದ್ರ ಆ ಎಲೆಯನ್ನು ನೋಡಿದ. ಅವನ ಕೈ ಅದರ ಕಡೆ ಅರ್ಧ ಹೋಗಿ ನಿಂತಿತು. ಆಮೇಲೆ ಅವನು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಬರ್ತೀನಿ ಎಂದು ಕೂಡ ಹೇಳದೆ ಎದ್ದು ಹೋದ.

"ಪಾಪ, ಆರಾಮಿಲ್ಲ ಕಾಣ್ತದ" ಎಂದ ಏಕನಾಥ.

ಮರುದಿನ ಮಚ್ಚೇಂದ್ರ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಾರ ಕಳೆಯಿತು. ಸುಣ್ಣವಿಲ್ಲದ ತಂಬಾಕು ಹಾಕಿಕೊಂಡು ಏಕನಾಥನ ಬಾಯಿ ಸಪ್ಪಗಾಯಿತು. ಊರಿನಲ್ಲಿ ಜನ ಅವನನ್ನು ಬೇರೆ ಥರ ನೋಡತೊಡಗಿದರು. ಕೆಲವರು ಮುಖ ತಿರುಗಿಸಿದರು. ಅದಕ್ಕಿಂತ ಕೆಟ್ಟದ್ದೆಂದರೆ, ಇಷ್ಟು ವರ್ಷ ಮಾತಾಡದಿದ್ದ ಇಬ್ಬರು ಮುದುಕರು ಬಂದು, "ತಡಾ ಆದ್ರೂ ಬುದ್ಧಿ ಬಂತಲ್ಲ, ನಿಮ್ಮಪ್ಪನ ಮಗಾ ಅನಿಸಕೊಂಡಿ" ಎಂದು ಹೊಗಳಿದರು. ಏಕನಾಥ ಏನೂ ತಿಳಿಯದೆ ಅವರಿಗೆ ಚಹಾ ಕುಡಿಸಿದ.

ಕೊನೆಗೆ ಪೀರ್ ಪಾಷಾ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಾಯಿಬಿಟ್ಟ. "ಏಕನಾಥ ಭಾಯ್, ಮಚ್ಚೇಂದ್ರಗ ತಂಬಾಕ ಕಲ್ಲಿನ ಮ್ಯಾಲೆ ಇಟ್ಟು ಕೊಟ್ಟಿಯಂತಲ್ಲ. ಕರೆಂಟ್ ಬರೇ ನೆಪ ಅಂತಾರ ಮಂದಿ. ಈ ವಯಸ್ಸಿನ್ಯಾಗ ನಿನಗ ಯಾಕ ಬೇಕಾಗಿತ್ತು?"

ಕಲ್ಲು, ಎಲೆ, ಹಿಂದೆ ಸರಿದು ನಿಂತ ನಾಲ್ಕು ಹೆಜ್ಜೆ, ಎಲ್ಲವೂ ಒಟ್ಟಿಗೆ ಏಕನಾಥನ ಕಣ್ಣ ಮುಂದೆ ಬಂದವು. ಅವನು ಕೈಯಲ್ಲಿದ್ದ ಕಪ್ಪು ಬಿಟ್ಟು ಮಚ್ಚೇಂದ್ರನ ಮನೆಗೆ ಓಡಿದ.

ಓಡಿದ್ದು ಸರಿ. ಆದರೆ ಮನೆ ಹತ್ತಿರ ಬಂದಾಗ ಎದೆಯ ಸೆಲ್ಲು ನೆನಪಾಗಿ ಹತ್ತು ಮಾರು ದೂರದಲ್ಲೇ ನಿಂತುಬಿಟ್ಟ. ಅಲ್ಲಿಂದಲೇ ಕೂಗಿದ. ಮಚ್ಚೇಂದ್ರ ಹೊರಗೆ ಬರಲಿಲ್ಲ. ಬಂದವಳು ಮೊಮ್ಮಗಳು ಸುಮೇಧಾ. ಬಸವಕಲ್ಯಾಣದಲ್ಲಿ ಬಿ.ಎಸ್ಸಿ. ಓದುತ್ತಿದ್ದ ಹುಡುಗಿ. ಕೈಯಲ್ಲಿ ನೀರಿನ ಲೋಟ ಹಿಡಿದಿದ್ದಳು.

"ಬರ್ರಿ ಮುತ್ಯಾ, ಒಳಗ ಬರ್ರಿ. ನೀರು ಕುಡೀರಿ."

"ಬ್ಯಾಡವ್ವಾ, ಒಳಗ ಬರಾಂಗಿಲ್ಲ ನಾ. ಲೋಟಾ ಮುಟ್ಟಾಂಗಿಲ್ಲ."

ಓಣಿಯ ನಾಲ್ಕು ಬಾಗಿಲುಗಳಲ್ಲಿ ನಾಲ್ಕು ತಲೆ ಕಾಣಿಸಿಕೊಂಡವು. ಸುಮೇಧಾಳ ಮುಖ ಬಿಗಿಯಿತು.

"ಯಾಕ್ರಿ?"

"ನನ್ನ ಮೈಯಾಗ ಕರೆಂಟ್ ಅದವ್ವಾ."

ಸುಮೇಧಾ ದನಿ ಏರಿಸದೆ ಹೇಳಿದಳು, "ನಮ್ಮ ಮುತ್ಯಾನ ಅಪ್ಪಗ ಮೈಲಿಗಿ ಅಂದ್ರು. ನಮ್ಮಪ್ಪಗ ಇವತ್ತ ಮನ್ಯಾಗ ಪೂಜಿ ಅದ ಅಂದ್ರು. ನಂಗ ಕರೆಂಟ್ ಅನ್ನಾಕತ್ತೀರಿ. ಇರಲಿ ಬಿಡ್ರಿ, ನೆಪಾನೂ ಸೈನ್ಸ್ ಓದ್ಯಾವ." ಲೋಟದ ನೀರನ್ನು ಬಾಗಿಲ ಬದಿಯ ತುಳಸಿಯಂಥ ಯಾವುದೋ ಗಿಡಕ್ಕೆ ಹಾಕಿ ಒಳಗೆ ಹೋದಳು.

ಈಗ ಏಕನಾಥನಿಗೆ ಉಳಿದ ದಾರಿ ಒಂದೇ. ತನ್ನ ಮೈಯಲ್ಲಿ ಕರೆಂಟು ಇರುವುದು ನಿಜ ಎಂದು ತೋರಿಸಬೇಕು. ಅದಕ್ಕೆ ಸಿಕ್ಕಾ, ಅಂದರೆ ಮೊಹರು, ಬಿದ್ದ ಕಾಗದ ಬೇಕು. ಹೆಂಡತಿಯ ಅಣ್ಣನ ಮಗ ಅಶೋಕಕುಮಾರ ಬಸವಕಲ್ಯಾಣದಲ್ಲಿ ವಿದ್ಯುತ್ ಗುತ್ತಿಗೆದಾರನ ಆಫೀಸಿನಲ್ಲಿದ್ದ. ಮರುದಿನದ ಮೊದಲ ಬಸ್ಸಿಗೇ ಏಕನಾಥ ಹೊರಟ.

"ಏಕನಾಥ ಅನ್ನೋರ ಮೈಯಾಗ ಕರೆಂಟ್ ಅದ ಅಂತ ಬರದು ಸಿಕ್ಕಾ ಹಾಕಿ ಕೊಡು" ಎಂದ.

ಅಶೋಕಕುಮಾರ ಕುರ್ಚಿ ಹಿಂದೆ ಸರಿಸಿದ. "ಮಾಮಾ, ಇಲ್ಲಿ ಅರ್ಜಿ ಕೊಡಬೇಕಂದ್ರ ಮೀಟರ್ ನಂಬರ್ ಕೇಳ್ತಾರ. ನಿಮ್ಮದು ಎಷ್ಟು ಅಂತ ಬರೀಲಿ? ಸಿಂಗಲ್ ಫೇಸೋ ತ್ರೀ ಫೇಸೋ?"

ಏಕನಾಥ ಗಂಭೀರವಾಗಿ ಯೋಚಿಸಿ, "ತ್ರೀ ಫೇಸ್ ಇದ್ದೀತು. ಮೀರಾಬಾಯಿ ಲೋಟಾನೇ ಬಿಟ್ಟಾಳ" ಎಂದ. ಆಫೀಸಿನಲ್ಲಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು. ಟೆಸ್ಟರಿನ ಕಥೆ ಕೇಳಿದ ಮೇಲೆ ಅಶೋಕಕುಮಾರನಿಗೆ ನಗು ತಡೆಯಲಾಗಲಿಲ್ಲ.

"ಕರೆಂಟ್ ಲೈನಿನಾಗಿಂದ ಬಂದು, ನಿಮ್ಮ ಮೈಯಾಗ ಹಾದು, ನೆಲಕ್ಕ ಹೋಗ್ತದ ಮಾಮಾ. ಅದಕ್ಕ ದೀಪ ಹತ್ತತದ. ನೀವು ಬಾವಿ ಅಲ್ರಿ, ಕಾಲುವಿ. ಮತ್ತ ಆ ಕಿಡಿ ಅಂದ್ರ ರಗ್ಗಿನ ತಿಕ್ಕಾಟ. ಹತ್ತಿ ಚಾದರ ಹೊದ್ದು ಮಲಗ್ರಿ, ಎಲ್ಲಾ ಹೋಗ್ತದ."

ಏಕನಾಥ ಮೋರೆ ಸಣ್ಣದು ಮಾಡಿಕೊಂಡು ಹೊರಬಿದ್ದ. ಆದರೂ ಇಸಿಜಿ ಕಾಗದ ಜೇಬಿನಲ್ಲಿತ್ತು. ಅದು ಸುಳ್ಳು ಹೇಳುವುದಿಲ್ಲವಲ್ಲ. ಅಲ್ಲಿಂದ ಹುಮನಾಬಾದಿಗೆ ಬಂದು ಸಿಮ್ರಾನಳ ಮುಂದೆ ನಿಂತ.

"ಬೇಟಿ, ನನ್ನ ಎದಿಯಾಗ ಕರೆಂಟ್ ಅದ ಅಂತ ನೀನೇ ಹೇಳಿದ್ದಿ."

"ಹೌದ್ರಿ, ಅದ."

"ಹಂಗಾರ ಅದನ್ನ ಬರದು ಕೊಡು. ಮುಟ್ಟಿದ್ರ ಹೊಡೀತದ ಅಂತಾನೂ ಬರಿ."

"ಹೊಡೆಯಾಂಗಿಲ್ಲ ಕಾಕಾ. ಭಾಳ ಸಣ್ಣ ಕರೆಂಟ್ ಅದು, ಮಷಿನಿಗಿ ಸೈತ ಹುಡುಕಿ ಹುಡುಕಿ ಸಿಗ್ತದ. ಅವತ್ತೇ ಹೇಳಿದ್ನಲ್ರಿ, ಎಲ್ಲಾರ ಎದಿಯಾಗೂ ಇರ್ತದ ಅಂತ. ನೀವು ಚಪ್ಪಲಿ ಹುಡುಕಾಕತ್ತಿದ್ರಿ."

ಏಕನಾಥ ಬೆಂಚಿನ ಮೇಲೆ ಕೂತ. "ಎಲ್ಲಾರ ಎದಿಯಾಗೂ?"

"ಎಲ್ಲಾರದೂ. ನಿಮ್ಮದು, ನಂದು, ನಿಮ್ಮ ಎಮ್ಮಿದು. ಅದು ನಿಂತ್ರ ಮನುಷ್ಯಾನೂ ನಿಂತ. ಮೈಯಾಗ ಕರೆಂಟ್ ಅದ ಅಂತ ಬರಕೊಡೂದು ಅಂದ್ರ, ಜೀವಂತ ಇದ್ದಾನ ಅಂತ ಬರಕೊಟ್ಟಂಗ. ಪಿಂಚಣಿ ಕಾಗದಕ್ಕ ಬೇಕೇನ್ರಿ?"

"ಎದಿಯಾಗ ಸೆಲ್ ಇಟ್ಟವರದು?"

"ಅವರದೂ ಅದೇ ಕರೆಂಟ್. ಕಡಿಮಿ ಬಿದ್ದಾಗ ಸೆಲ್ ಜರಾ ಹಾಕ್ತದ, ಅಷ್ಟೇ. ನೀವು ಮುಟ್ಟಿದ್ರ ಏನೂ ಆಗಾಂಗಿಲ್ಲ."

ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ ಕೇಳಿದ ಮೇಲೆ ಏಕನಾಥ ಊರ ಹೆಸರು ಹೇಳಿದ. ನೆಪಕ್ಕೆ ಸಾಕ್ಷಿ ತರಲು ಹೋದವನು ನೆಪವನ್ನೇ ಕಳೆದುಕೊಂಡು ಬಂದಿದ್ದ. ತನ್ನಲ್ಲಿರುವುದೇ ಮಚ್ಚೇಂದ್ರನಲ್ಲೂ ಇದೆ. ಇದನ್ನು ಇಪ್ಪತ್ತರ ವಯಸ್ಸಿನಲ್ಲಿ ಅವನು ಯಾವ ಮಷಿನ್ನೂ ಇಲ್ಲದೆ ತಿಳಿದಿದ್ದ.

ಈ ಸಲ ಹತ್ತು ಮಾರು ದೂರದಲ್ಲಿ ನಿಲ್ಲಲಿಲ್ಲ. ನೇರವಾಗಿ ಮಚ್ಚೇಂದ್ರನ ಮನೆಯೊಳಗೆ ಹೋಗಿ, ಕೇಳದೆಯೇ ಕೊಡದಿಂದ ನೀರು ತುಂಬಿಕೊಂಡು ಎರಡು ಲೋಟ ಕುಡಿದು, ನೆಲದ ಮೇಲೆ ಕೂತ. ಮಚ್ಚೇಂದ್ರ ಮಂಚದ ಮೇಲಿದ್ದ. ಭಜಿಯಿಂದ ಹಿಡಿದು ಮೊಸಳೆಯವರೆಗೆ, ರಗ್ಗಿನಿಂದ ಹಿಡಿದು ತ್ರೀ ಫೇಸಿನವರೆಗೆ ಏಕನಾಥ ಎಲ್ಲವನ್ನೂ ಹೇಳಿದ. ಸೂಗಮ್ಮನ ಬ್ಯಾಟರಿಯ ಕಡೆ ಬಂದಾಗ ಸುಮೇಧಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ನಗುವ ಸದ್ದು ಬಂತು.

ಮಚ್ಚೇಂದ್ರನ ತುಟಿಯೂ ಸ್ವಲ್ಪ ಸಡಿಲಾಯಿತು. "ನಂಬೇನಿ. ಇಂಥಾ ಹುಚ್ಚುತನಾ ನೀನೇ ಮಾಡಬೇಕು, ಬ್ಯಾರೆ ಯಾರ ಕೈಲೂ ಆಗೂದಿಲ್ಲ."

"ಹಂಗಾರ ತಪ್ಪ ಮಾಫ್ ಮಾಡಿದಿ?"

"ನಿನ್ನ ಮ್ಯಾಲೆ ಸಿಟ್ಟಿಲ್ಲೋ."

"ಮತ್ತ ಯಾಕ ಬರಲಿಲ್ಲ?"

ಮಚ್ಚೇಂದ್ರ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತ. "ನೀ ಕಲ್ಲಿನ ಮ್ಯಾಲೆ ಇಟ್ಟಿ. ನಂಗ ಏನು ಎತ್ತ ತಿಳಿಯೂದ್ರಾಗ ನನ್ನ ಕೈ ಅದನ್ನ ಎತ್ತಾಕ ಹೊಂಟಿತ್ತು. ಬಗ್ಗಿ, ನಮ್ಮಪ್ಪ ಹ್ಯಾಂಗ ಎತ್ತತಿದ್ದ, ಹಂಗ. ನಾ ಎಂದೂ ಹಂಗ ಎತ್ತಿದವ ಅಲ್ಲ ಏಕನಾಥ. ನಲವತ್ತು ವರ್ಷ ನಿನ್ನ ಅಂಗೈಯಾಗಿಂದೇ ತಗೊಂಡೀನಿ. ಹಂಗಾರ ಈ ಕೈಗಿ ಯಾರು ಕಲಿಸಿದ್ರು?"

ಮಚ್ಚೇಂದ್ರ ಕೈ ಮಗುಚಿ ಅಂಗೈ ನೋಡಿಕೊಂಡ.

"ಸುಮೇಧಾ ಅಂತಾಳ, ಕೈ ಎತ್ತೂದೂ ಕರೆಂಟೇ ಅಂತ. ತಲಿಯಾಗಿಂದ ನರದಾಗ ಇಳೀತದಂತ. ಅವತ್ತ ಇಳದಿದ್ದು ಯಾರ ಕರೆಂಟೋ? ನಿಮ್ಮಪ್ಪಂದೋ, ನಮ್ಮಪ್ಪಂದೋ? ನಿನಗ ಎಲ್ಲಾ ಗೊತ್ತಿರ್ತದಲ್ಲ, ಹೇಳು ನೋಡೂಣು."

ಈ ಮಾತನ್ನು ಏಕನಾಥ ಕೊನೆಯವರೆಗೂ ಕೇಳಿದ. ಕಣ್ಣೊರೆಸಿಕೊಂಡು ಎದ್ದು ಬಂದ.

ಮರುದಿನ ಸಂಜೆ ಮಚ್ಚೇಂದ್ರ ಬಂದ. ಏಕನಾಥ ಆ ಚಪ್ಪಟೆ ಕಲ್ಲನ್ನು ಕಿತ್ತು ಹಿತ್ತಲಿಗೆ ಉರುಳಿಸಿದ್ದ. ಇಬ್ಬರೂ ನೆಲದ ಮೇಲೇ ಕೂತರು. ಏಕನಾಥ ತಂಬಾಕು ತಿಕ್ಕಿ, ಎರಡು ಪಾಲು ಮಾಡಿ, ಅಂಗೈಯನ್ನು ಗೆಳೆಯನ ಮುಂದೆ ಚಾಚಿದ.

"ಬಿಟ್ಟೇನಿ ಮಾರಾಯಾ" ಎಂದ ಮಚ್ಚೇಂದ್ರ. "ನಿನ್ನ ಕಡೆ ಬರೂದು ನಿಂತ ಮ್ಯಾಲೆ ಅದೂ ನಿಂತು ಹೋತು. ಎದಿಗಿ ಛಲೋ ಆತು ಅಂತಾಳ ಸುಮೇಧಾ."

"ಛಲೋ ಆತು ಬಿಡು" ಎಂದ ಏಕನಾಥ. ಚಾಚಿದ ಕೈ ಹಾಗೆಯೇ ಇತ್ತು.

ಮಚ್ಚೇಂದ್ರ ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು, "ಇನ್ನ ಇದು ನಿನ್ನ ಬಲ್ಲೇ ಇರಲಿ" ಎಂದು ಏಕನಾಥನ ಇನ್ನೊಂದು ಅಂಗೈಯೊಳಗಿಟ್ಟು, ಅವನ ಬೆರಳುಗಳನ್ನು ತಾನೇ ಮಡಚಿದ. ಆ ಕೈ ಬೆಚ್ಚಗಿತ್ತು. ಏಕನಾಥ ಉಸಿರು ಹಿಡಿದು ಕಾದ. ಈಗಲಾದರೂ ಒಂದು ಸಲ ಚಟ್ ಎನ್ನಲಿ, ಒಂದು ಸಣ್ಣ ಕಿಡಿಯಾದರೂ ಹಾರಲಿ, ನಾನು ಹೇಳಿದ್ದು ಸುಳ್ಳಲ್ಲವೆಂದು ಈ ಮನುಷ್ಯನಿಗೆ ತಿಳಿಯಲಿ ಎಂದು ಅವನಿಗೆ ಆಸೆಯಿತ್ತು. ಏನೂ ಆಗಲಿಲ್ಲ. ಮಚ್ಚೇಂದ್ರ ಕೈ ತೆಗೆದುಕೊಂಡು, ಈ ಸಲದ ತೊಗರಿಯ ವಿಷಯ ಮಾತಾಡತೊಡಗಿದ.